ಮುಂದೆ ನೋಡೋಣ

ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಹೆಸರೆತ್ತಿದರೆ ಸಾಕು, ನಮ್ಮ ವಿದ್ಯಾವಂತರು ಕೈಮುಗಿಯುತ್ತಾರೆ. ನಮ್ಮ ಪ್ರಾಚೀನ ವಿದ್ಯೆಯನ್ನು ನಮಗೆ ತೋರಿಸಿಕೊಟ್ಟದ್ದೇ ಅದಂತೆ! ಅದು ಮಾಡಿದ ಕೆಲಸ ದೊಡ್ಡದು; ಅಲ್ಲಗಳೆಯುವವನು ನಾನಲ್ಲ. ಆದರೆ ಕೈಮುಗಿಯುವ ಮೊದಲು ಅದರ ಸದಸ್ಯರ ಪಟ್ಟಿಯನ್ನೊಮ್ಮೆ ನೋಡಬೇಡವೆ?

1784ರ ಜನವರಿ 15ರಂದು 30 ಮಂದಿ ಐರೋಪ್ಯರು ಕಲೆತು ಈ ಸಭೆಯನ್ನು ಸ್ಥಾಪಿಸಿದರು. ದೇಶೀಯ ವಿದ್ವಾಂಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಸ್ಥಾಪಕರಾದ ವಿಲಿಯಂ ಜೋನ್ಸ್ ಸಾಹೇಬರೇ ಮೊದಲ ಭಾಷಣದಲ್ಲಿ ಎತ್ತಿದರು. ಅದನ್ನು ಮುಂದೆ ನೀವೇ ತೀರ್ಮಾನಿಸಿಕೊಳ್ಳಿ ಎಂದು ಬಿಟ್ಟರು. ಆ ‘ಮುಂದೆ’ ಬರುವುದಕ್ಕೆ 45 ವರ್ಷ ಹಿಡಿಯಿತು. ಜೋನ್ಸರಿಗೆ ಸಂಸ್ಕೃತ ಹೇಳಿಕೊಟ್ಟ ರಾಮಲೋಚನ ಪಂಡಿತರಿಗೆ ಸಭೆಯಲ್ಲಿ ಮಣೆಯಿಲ್ಲ. ಕಲಿತ ಶಿಷ್ಯರು ಸಾಯುವವರೆಗೂ ಅಧ್ಯಕ್ಷರು!

1829ರಲ್ಲಿ ಬಾಗಿಲು ತೆರೆಯಿತಲ್ಲ ಎನ್ನುವವರುಂಟು. ತೆರೆಯಿತು. ಒಳಬಂದ ಮೊದಲಿಗರಲ್ಲಿ ದ್ವಾರಕಾನಾಥ ಠಾಕೂರ್, ಪ್ರಸನ್ನಕುಮಾರ ಠಾಕೂರರಂಥ ಸಿರಿವಂತರಿದ್ದರು. ತಾಳೆಗರಿ ಬಿಡಿಸಿ ಅರ್ಥ ಹೇಳುತ್ತಿದ್ದ ಬಡ ಪಂಡಿತನಿಗೆ ಆ ಬಾಗಿಲು ಎಷ್ಟು ತೆರೆಯಿತು?

ಇದು ಬಂಗಾಳದ ಮಾತಷ್ಟೇ ಅಲ್ಲ. ಮೈಸೂರು ಸೀಮೆಯ ಮೋಜಣಿ ಮಾಡಿದ ಕಾಲಿನ್ ಮೆಕೆಂಜಿಗೆ ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮೆಕೆಂಜಿಯ ಇನ್ನೊಬ್ಬ ಸಹಾಯಕ, ತೆಲುಗಿನ ಕಾವಲಿ ಬೊರಯ್ಯ ಅನುವಾದಿಸಿದ ಜೈನರ ವೃತ್ತಾಂತ ಸೊಸೈಟಿಯ ಗ್ರಂಥಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾಯಿತು. ಬರಹಕ್ಕೆ ಪ್ರವೇಶವಿತ್ತು, ಬರೆದ ಕೈಗೆ ಇರಲಿಲ್ಲ. ಮೆಕೆಂಜಿ ತೀರಿಕೊಂಡ ಮೇಲೆ, 1830ರ ದಶಕದಲ್ಲಿ, ಬೊರಯ್ಯನವರ ತಮ್ಮ ಲಕ್ಷ್ಮಯ್ಯ ಆ ಸಂಗ್ರಹಕಾರ್ಯವನ್ನು ತಾವು ಮುಂದುವರಿಸುವುದಾಗಿ ಕೇಳಿಕೊಂಡರು. ವರ್ಷಗಟ್ಟಲೆ ಅದೇ ಕೆಲಸದಲ್ಲಿ ಪಳಗಿದವರು! ದೇಶೀಯನೊಬ್ಬನಿಂದ ಇಂಥ ಕೆಲಸ ಆಗದೆಂಬುದೇ ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪರ ಅಭಿಪ್ರಾಯ. ಬಾಗಿಲು ತೆರೆದ ಮೇಲಿನ ಮಾತಿದು. ಸಭೆಯಲ್ಲಿ ಕುರ್ಚಿ ಕೊಡುವುದು ಬೇರೆ, ಮಾತಿಗೆ ಬೆಲೆ ಕೊಡುವುದು ಬೇರೆ. ಭಾರತೀಯರೊಬ್ಬರು, ರಾಜೇಂದ್ರಲಾಲ ಮಿತ್ರರು, ಅಲ್ಲಿ ಅಧ್ಯಕ್ಷರಾದದ್ದು 1885ರಲ್ಲಿ. ಅಂದರೆ 101 ವರ್ಷಗಳ ತರುವಾಯ.

ಬಿಳಿಯರನ್ನು ಬೈದು ಮುಗಿಸುವುದು ಸುಲಭ. ನಾವೇನು ಕಡಿಮೆಯೆ? ನಾನೂ ವಿದ್ಯಾರ್ಥಿಗಳೊಡನೆ ಹಳ್ಳಿಗೆ ಹೋಗಿ ಹಾಡುಗಳನ್ನು ಬರೆದುಕೊಂಡು ಬಂದವನೇ. ಪುಸ್ತಕದ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿದೆ. ಇರುಳೆಲ್ಲ ಕುಳಿತು ಹಾಡಿದ ಅಜ್ಜಿಯ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ ಸೇರಿಹೋಗಿದೆ. ವಿಚಾರಗೋಷ್ಠಿಗೆ ಆಕೆಯನ್ನೂ ಕರೆದು, ಹಾಡಿಸುವುದಷ್ಟೇ ಅಲ್ಲ, ಮಾತಾಡಿಸೋಣವೆಂದು ವಿದ್ಯಾರ್ಥಿಯೊಬ್ಬ ಕೇಳಿದ. ನಾವು ವಿದ್ವಾಂಸರೆಲ್ಲ ಸೇರಿ ಕೊಟ್ಟ ಉತ್ತರ: “ಮುಂದೆ ನೋಡೋಣ.”