ಬಿಚ್ಚಿ ನೋಡಲಾಗದ ಪೆಟ್ಟಿಗೆಗೆ ಲಕ್ಷ ಯಾಕೆ?

ಅಕೌಂಟೆನ್ಸಿ ತರಗತಿಯಲ್ಲಿ ಗುಡ್‌ವಿಲ್ ಪಾಠ ಬಂದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಕಣ್ಣಿಗೆ ಕಾಣದ್ದಕ್ಕೆ ಇಷ್ಟು ದುಡ್ಡು ಯಾರು ಕೊಡ್ತಾರೆ ಸರ್?" ಸರ್ ಬೇಕರಿಯ ಉದಾಹರಣೆ ಕೊಟ್ಟರು. ನನಗೆ ನೆನಪಾಗಿದ್ದು ಮಾಮು ಅಂಗಡಿ.

ಮಾಮು ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ಬರುವುದು ಹೆಚ್ಚಾಗಿ ಮಸೀದಿಗಳ, ಶಾದಿಮಹಲ್‌ಗಳ ಅಹೂಜಾ ಸೆಟ್‌ಗಳು. ವರ್ಷಕ್ಕೆ ನಾಲ್ಕೈದು ಮಾತ್ರ ದೊಡ್ಡ ಮನೆಗಳಿಂದ ಬರುತ್ತವೆ: ಹಳೆಯ ಮರಾಂಟ್ಜ್, ಡೆನನ್, ಕೋಲ್ಕತ್ತಾದ ಸೋನೋಡೈನ್. ಅವು ಬಂದ ದಿನ ಮಾಮು ಚಹಾ ಕುಡಿಯುವುದನ್ನೂ ಮರೆಯುತ್ತಾರೆ. ಆ ಹೆಸರುಗಳು ಈಗ ಯಾರ ಕೈಯಲ್ಲಿವೆ ಎಂದು ಹುಡುಕಲು ಹೋಗಿ ನನಗೆ ಈ ಲೇಖನ ಸಿಕ್ಕಿತು.

ಮಾಸಿಮೊ ಎಂಬ ಅಮೆರಿಕನ್ ಕಂಪನಿ ಇದೆ. ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಕ್ಲಿಪ್ ಹಾಕಿಕೊಂಡು ಆಮ್ಲಜನಕ ನೋಡುತ್ತಿದ್ದೆವಲ್ಲ, ಆ ಬಗೆಯ ಆಸ್ಪತ್ರೆ ಸಾಧನಗಳಿಗೆ ಹೆಸರಾದದ್ದು. 2022ರಲ್ಲಿ ಅದು ಸೌಂಡ್ ಯುನೈಟೆಡ್ ಎಂಬ ಸಂಸ್ಥೆಯನ್ನು ಸುಮಾರು 100 ಕೋಟಿ ಡಾಲರ್‌ಗೆ ಕೊಂಡಿತು. ಡೆನನ್, ಮರಾಂಟ್ಜ್, ಪೋಲ್ಕ್, ಇಂಗ್ಲೆಂಡಿನ ಬೋವರ್ಸ್ ಅಂಡ್ ವಿಲ್ಕಿನ್ಸ್, ಎಲ್ಲವೂ ಒಂದೇ ಚೀಲದಲ್ಲಿ! ಸುದ್ದಿ ಹೊರಬಿದ್ದ ಕೂಡಲೇ ಮಾಸಿಮೊ ಷೇರಿನ ಬೆಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆಸ್ಪತ್ರೆಯ ಕಂಪನಿಗೆ ಸ್ಪೀಕರ್ ಯಾಕೆ ಎಂಬುದು ಹೂಡಿಕೆದಾರರ ಪ್ರಶ್ನೆ. ಲಾಕ್‌ಡೌನಿನಲ್ಲಿ ಮನೆಯಲ್ಲೇ ಕುಳಿತ ಜನ ಆಗಲೇ ಬೇಕಾದ್ದನ್ನು ಕೊಂಡು ಮುಗಿಸಿದ್ದರು, ಬೇಡಿಕೆ ಇಳಿಯಿತು. ಷೇರುದಾರರ ಜಗಳ ಎಷ್ಟು ಬೆಳೆಯಿತೆಂದರೆ ಕಂಪನಿ ಕಟ್ಟಿದ ಜೋ ಕಿಯಾನಿಯವರೇ 2024ರಲ್ಲಿ ನಿರ್ದೇಶಕ ಮಂಡಳಿಯ ಸ್ಥಾನ ಕಳೆದುಕೊಂಡರು. 2025ರಲ್ಲಿ ಅದೇ ಆಡಿಯೊ ವ್ಯವಹಾರ 35 ಕೋಟಿ ಡಾಲರ್‌ಗೆ ಮಾರಾಟವಾಯಿತು. ಮೂರು ವರ್ಷದಲ್ಲಿ ಮೂರನೇ ಒಂದು ಬೆಲೆ. ಯಾವ ಸವಕಳಿ ವಿಧಾನದಲ್ಲಿ ಲೆಕ್ಕ ಹಾಕಿದರೂ ಇದು ಜಾಸ್ತಿಯೇ.

ಕೊಂಡವರು ಹರ್ಮನ್. ಹರ್ಮನ್‌ನ ಮಾಲೀಕರು 2017ರಿಂದ ಸ್ಯಾಮ್‌ಸಂಗ್. ಆಗ ಕೊಟ್ಟದ್ದು ಸುಮಾರು 800 ಕೋಟಿ ಡಾಲರ್. ಜೆಬಿಎಲ್, ಎಕೆಜಿ, ಇನ್ಫಿನಿಟಿ, ಮಾರ್ಕ್ ಲೆವಿನ್‌ಸನ್ ಮೊದಲೇ ಅವರವು. ಅಂದರೆ ಶೋರೂಮಿಗೆ ಹೋದ ಗ್ರಾಹಕ ಜೆಬಿಎಲ್ ಒಳ್ಳೆಯದೋ, ಬೋವರ್ಸ್ ಒಳ್ಳೆಯದೋ ಎಂದು ಒಂದು ಗಂಟೆ ಕಿವಿಗೊಟ್ಟು ಕೇಳಿ ಯಾವುದನ್ನು ಆರಿಸಿದರೂ ದುಡ್ಡು ಸೇರುವುದು ಒಂದೇ ಗಲ್ಲಾಪೆಟ್ಟಿಗೆಗೆ. 2024ರಲ್ಲಿ ಬೋಸ್ ಕಂಪನಿಯೂ ಮ್ಯಾಕಿಂತೋಷ್ ಮತ್ತು ಇಟಲಿಯ ಸೋನಸ್ ಫಾಬರ್‌ಗಳನ್ನು ಕೊಂಡಿತು.

ಇದು ತಪ್ಪೇ? ನನ್ನ ಬೆಂಚಿನ ಗೆಳೆಯ ಹೇಳುವುದು, ಹೀಗೆ ಸೇರಿಕೊಳ್ಳದಿದ್ದರೆ ಸಣ್ಣವರು ಸತ್ತೇ ಹೋಗುತ್ತಾರೆ ಎಂದು. ಒಪ್ಪುತ್ತೇನೆ. ಜಪಾನಿನ ಆಂಕ್ಯೊ ಹೋಂ ಎಂಟರ್‌ಟೇನ್‌ಮೆಂಟ್ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಿಂದೆ ಆಂಪ್ಲಿಫೈಯರ್ ಬೇರೆ, ಟ್ಯೂನರ್ ಬೇರೆ, ಎರಡು ದೊಡ್ಡ ಸ್ಪೀಕರ್ ಬೇರೆ ಎಂದು ಜೋಡಿಸುತ್ತಿದ್ದ ಹಾಲ್‌ನಲ್ಲಿ ಈಗ ಟಿವಿ ಕೆಳಗೆ ಒಂದು ಸೌಂಡ್‌ಬಾರ್ ಇದೆ. ಫ್ಲಾಟುಗಳಲ್ಲಿ ಜಾಗವೂ ಇಲ್ಲ, ಕೂತು ಕೇಳುವ ಪುರುಸೊತ್ತೂ ಇಲ್ಲ. ಕಿವಿಯಲ್ಲಿ ಇಯರ್‌ಬಡ್ ಇದೆ. ಮಾರುಕಟ್ಟೆ ಬದಲಾಗಿದ್ದಕ್ಕೆ ನನ್ನ ತಕರಾರಿಲ್ಲ.

ತಕರಾರು ಬೇರೆ. ಹೆಸರಿನ ಬೆಲೆ ಉಳಿಸಿಕೊಂಡು, ಆ ಹೆಸರು ಗಳಿಸಿಕೊಟ್ಟ ಗುಣವನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಳೆಯ ಮರಾಂಟ್ಜ್ ಸೆಟ್‌ಗೆ ಸರ್ಕ್ಯೂಟ್ ನಕ್ಷೆ ಸಿಗುತ್ತದೆ, ಸ್ಕ್ರೂ ಬಿಚ್ಚಬಹುದು. ನಲವತ್ತು ವರ್ಷದ ಮೇಲೂ ಮಾಮು ಎಸ್.ಪಿ. ರಸ್ತೆಯಿಂದ ಕೆಪಾಸಿಟರ್ ತಂದು ಹಾಕಿದರೆ ಅದು ಮತ್ತೆ ಹಾಡುತ್ತದೆ. ಈಗಿನ ವೈರ್‌ಲೆಸ್ ಸ್ಪೀಕರ್‌ಗಳಲ್ಲಿ ಎಷ್ಟೋ ಗೋಂದು ಹಾಕಿ ಮುಚ್ಚಿದವು. ಒಳಗಿನ ಬ್ಯಾಟರಿ ಸತ್ತರೆ ಸ್ಪೀಕರೂ ಸತ್ತಂತೆ. ಇನ್ನು ಕೆಲವು ಆ್ಯಪ್ ನಂಬಿಕೊಂಡಿವೆ. ಅಮೆರಿಕದ ಸೋನೋಸ್ ಕಂಪನಿ 2019ರಲ್ಲಿ ಹಳೆಯ ಸ್ಪೀಕರ್ ಇದ್ದವರಿಗೆ ಹೊಸದರ ಮೇಲೆ ಶೇಕಡಾ 30 ರಿಯಾಯಿತಿ ಕೊಟ್ಟಿತು. ಷರತ್ತು ಕೇಳಿ: ಹಳೆಯದನ್ನು 'ರಿಸೈಕಲ್ ಮೋಡ್'ಗೆ ಹಾಕಬೇಕು, 21 ದಿನದಲ್ಲಿ ಅದು ಶಾಶ್ವತವಾಗಿ ನಿಂತುಹೋಗುತ್ತದೆ. ಚೆನ್ನಾಗಿ ಹಾಡುತ್ತಿರುವ ವಸ್ತುವನ್ನು ಬಟನ್ ಒತ್ತಿ ಕೊಲ್ಲುವುದು! ಜನ ಬೈದ ಮೇಲೆ 2020ರಲ್ಲಿ ಕೈಬಿಟ್ಟರು.

ಲಕ್ಷ ರೂಪಾಯಿ ಸ್ಪೀಕರಿನ ಚಿಂತೆ ನಮಗ್ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೂ ಇರುವುದು ಎರಡು ಸಾವಿರದ ಬ್ಲೂಟೂತ್ ಡಬ್ಬಿಯೇ. ಆದರೆ ಲಕ್ಷ ಕೊಟ್ಟವನೇ "ರಿಪೇರಿ ಆಗಲ್ಲ, ಹೊಸದು ತಗೊಳ್ಳಿ" ಎಂಬ ಉತ್ತರಕ್ಕೆ ತಲೆಯಾಡಿಸಿ ಬಂದರೆ ಎರಡು ಸಾವಿರ ಕೊಟ್ಟವನ ಮಾತು ಯಾರು ಕೇಳುತ್ತಾರೆ? ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರಿ' ಪೋರ್ಟಲ್ ತೆರೆದಿದೆ. ಅದಷ್ಟೇ ಸಾಲದು. ಪೆಟ್ಟಿಗೆಯ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಸಾಫ್ಟ್‌ವೇರ್ ಎಷ್ಟು ವರ್ಷ ನಡೆಯುತ್ತದೆ ಎಂದು ಅಚ್ಚು ಹಾಕಬೇಕು. ಹಾಲಿನ ಪ್ಯಾಕೆಟ್ಟಿಗೇ ತಾರೀಖು ಇರುವಾಗ ಇದಕ್ಕೇನು ಕಷ್ಟ?

ಕಂಪನಿಯವರು ಬೇಡ ಎನ್ನಬಹುದು. ಮಾಮು ಮಾತ್ರ ಯಾವ ಸೆಟ್ ಬಂದರೂ "ಖೋಲ್ಕೆ ದೇಖೇ ಬಗೈರ್ ಕುಛ್ ನೈ ಬೋಲ್ನಾ" ಎನ್ನುತ್ತಾರೆ. ಮೊನ್ನೆ ಗೋಂದು ಹಾಕಿದ ಒಂದು ಸ್ಪೀಕರ್ ಬಂತು. ಬಿಸಿ ಗಾಳಿ ಹಿಡಿದು, ಬ್ಲೇಡಿನಿಂದ ಅಂಚು ಬಿಡಿಸಿ, ಎರಡು ಗಂಟೆ ಕೂತು ಬ್ಯಾಟರಿ ಬದಲಿಸಿದರು. ಗಿರಾಕಿ ಇನ್ನೂರು ರೂಪಾಯಿ ಕೊಟ್ಟು ಹೋದ.

ಅಂಗಡಿಯ ಬಾಡಿಗೆ ಕರಾರು ಮಾರ್ಚ್‌ಗೆ ಮುಗಿಯುತ್ತದೆ. ಅಮ್ಮಿ ಬಿಡಿಸಿ ಎನ್ನುತ್ತಾರೆ. "ನೀನು ಕಾಮರ್ಸ್ ಓದ್ತಿದ್ದೀಯಲ್ಲ, ಹೇಳು" ಎಂದರು ಮಾಮು. ಇನ್ನೊಂದು ವರ್ಷ ಮುಂದುವರಿಸಿ ಎಂದೆ. ಲೆಕ್ಕ ನೋಡಿ ಹೇಳಿದೆಯಾ ಎಂದು ಕೇಳಿದರು. ಅರ್ಧ ಲೆಕ್ಕ ನೋಡಿ, ಎಂದೆ. ನಕ್ಕರು. ಮೇಜಿನ ಮೇಲೆ ಒಂದು ಹಳೆಯ ಸೋನೋಡೈನ್ ಮುಚ್ಚಳ ತೆರೆದು ಬಿದ್ದಿತ್ತು, ಅದರ ಕಡೆ ತಿರುಗಿದರು.