ಶಾಲು ಸಾಕು, ಸರದಿ ಬೇಕು

ವರ್ಷಕ್ಕೊಮ್ಮೆ, ಅಕ್ಟೋಬರ್ 1ರ ಆಸುಪಾಸಿನಲ್ಲಿ, ಹಿರಿಯರನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ‘ಇಂದಿನ ಮಕ್ಕಳು ತಂದೆತಾಯಿಯರನ್ನು ಮರೆತಿದ್ದಾರೆ’ ಎಂದು ಭಾಷಣ ಬಿಗಿಯುವುದು ಹೊರನಾಡ ಸಂಘಗಳಲ್ಲಿ ಸಂಪ್ರದಾಯವೇ ಆಗಿಬಿಟ್ಟಿದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಮರೆತವರು ಇಲ್ಲವೆಂದಲ್ಲ, ಆದರೆ ಸಭೆಯಲ್ಲಿ ಕುಳಿತು ಈ ಬೈಗುಳ ಕೇಳುವವರಲ್ಲಿ ಎಷ್ಟೋ ಮಂದಿ ಹಿಂದಿನ ರಾತ್ರಿ ಮೂರು ಸಲ ಎದ್ದವರು.

ಮುಪ್ಪು ವೇಳಾಪಟ್ಟಿ ನೋಡಿಕೊಂಡು ನಡೆಯುವುದಿಲ್ಲ. ನಿನ್ನೆ ಪತ್ರಿಕೆ ಓದಿದ ತಂದೆ ಇಂದು ಮೂತ್ರದ ಸೋಂಕೊಂದರಿಂದ ಮಗನ ಗುರುತನ್ನೇ ಮರೆಯಬಹುದು. ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಸರಕಾರಿ ನಿಯಮಗಳು ಇದನ್ನು ಕಂಡೇ ಇಲ್ಲ. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆ 2008ರಿಂದ ಇದೆ. ಅದು ನ್ಯಾಯವೇ. ಆದರೆ ತಂದೆತಾಯಿಯರ ಪಾಲನೆಗೆಂದೇ ಪ್ರತ್ಯೇಕ ರಜೆ? ಒಂದು ದಿನವೂ ಇಲ್ಲ. ವರ್ಷದ 8 ಸಾಂದರ್ಭಿಕ ರಜೆ, 30 ಗಳಿಕೆ ರಜೆಗಳಲ್ಲೇ ಹೊಂದಿಸಿಕೊಳ್ಳಬೇಕು. ಇತ್ತ 2007ರ ಪೋಷಕರ ಪೋಷಣೆಯ ಕಾಯ್ದೆಯಲ್ಲಿ ಹೆತ್ತವರನ್ನು ತೊರೆದವನಿಗೆ 3 ತಿಂಗಳವರೆಗೆ ಸೆರೆವಾಸವುಂಟು. ತೊರೆದವನಿಗೆ ಶಿಕ್ಷೆ ಸರಿ, ನೋಡಿಕೊಳ್ಳುವವನಿಗೆ ಸಮಯವೆಲ್ಲಿ?

ಸಮಯವಿಲ್ಲದ ಮನೆಯಲ್ಲಿ ಭಾರ ಸದ್ದಿಲ್ಲದೆ ಸೊಸೆಯ ಇಲ್ಲವೇ ಮಗಳ ಹೆಗಲಿಗೆ ಜಾರುತ್ತದೆ. ಆ ಹೆಗಲಿಗೆ ಯಾರೂ ಶಾಲು ಹೊದಿಸಿದ್ದನ್ನು ನಾವು ಕಂಡಿಲ್ಲ.

ಹೊರನಾಡಿನಲ್ಲಿ ಇನ್ನೊಂದು ಕಷ್ಟ, ಭಾಷೆಯದು. ಚಳುಕು, ಸೆಳೆತ, ಉರಿ, ಜೋಮು ನಾಲ್ಕೂ ಬೇರೆ ಬೇರೆ. ದೆಹಲಿಯ ವೈದ್ಯರ ಮುಂದೆ ನಮ್ಮ ತಾಯಂದಿರ ಬಾಯಲ್ಲಿ ನಾಲ್ಕೂ ‘ದರ್ದ್’ ಎಂಬ ಒಂದೇ ಪದವಾಗುತ್ತವೆ. ಮರೆವಿನ ಕಾಯಿಲೆ ಹಿಡಿದವರಲ್ಲಂತೂ ಎಷ್ಟೋ ಸಲ ಕೊನೆಗೆ ಉಳಿಯುವುದು ತಾಯಿನುಡಿಯೊಂದೇ.

ಆದ್ದರಿಂದ ಸಂಘವನ್ನು ನಾವು ಕೇಳುವುದಿಷ್ಟೇ: ಭಾಷಣ ನಿಲ್ಲಿಸಿ, ಸರದಿಯ ಪಟ್ಟಿ ಮಾಡಿ. ಬಡಾವಣೆಗೆ ನಾಲ್ವರಿರಲಿ. ಆಸ್ಪತ್ರೆಗೆ ಜೊತೆಗೆ ಹೋಗಿ, ಕನ್ನಡದಲ್ಲಿ ಕೇಳಿಕೊಂಡು ವೈದ್ಯರಿಗೆ ತಿಳಿಸಲಿ. ವಾರಕ್ಕೆರಡು ತಾಸು ಹಿರಿಯರ ಬಳಿ ಕುಳಿತು ನೋಡಿಕೊಳ್ಳುವವರಿಗೆ ಬಿಡುವು ಕೊಡಲಿ. ಗಾಲಿಕುರ್ಚಿ, ಊರುಗೋಲು ಸಂಘದ ಉಗ್ರಾಣದಲ್ಲಿರಲಿ. ಬೇಕಾದವರು ಒಯ್ದು ಹಿಂದಿರುಗಿಸಲಿ. ‘ಕಾರ್ಯಕರ್ತರು ಸಿಗುವುದಿಲ್ಲ’ ಎನ್ನುವಿರಾ? ರಾಜ್ಯೋತ್ಸವದ ಊಟ ಬಡಿಸಲು ಸಿಗುವವರು ಇದಕ್ಕೇಕೆ ಸಿಗರು?

ರಜೆಯ ಬೇಡಿಕೆಯನ್ನು ನೌಕರರ ಸಂಘಟನೆಗಳು ಎತ್ತಲೇಬೇಕು. ಸರಕಾರ ಮಣಿಯಲು ವರ್ಷಗಳೇ ಹಿಡಿದಾವು. ಬಚ್ಚಲಲ್ಲಿ ಜಾರಿದವರು ಅಷ್ಟು ಕಾಯಲಾರರು.