ಕಂಡುಹಿಡಿದವರಾರು?

ನಮ್ಮ ಚರಿತ್ರೆಯ ಪಾಠಗಳಲ್ಲಿ ‘ಕಂಡುಹಿಡಿದನು’ ಎಂಬ ಕ್ರಿಯಾಪದವು ಬಹು ಧಾರಾಳವಾಗಿ ಸಂಚರಿಸುತ್ತದೆ. ಟಾಸ್ಮನ್ನನು ೧೬೪೨ರಲ್ಲಿ ನ್ಯೂಜಿಲೆಂಡನ್ನು ಕಂಡುಹಿಡಿದನು. ಕರ್ತೃ, ಕರ್ಮ, ಕ್ರಿಯೆ ಮೂರೂ ಸರಿ, ವ್ಯಾಕರಣದಲ್ಲಿ ಲೋಪವಿಲ್ಲ. ಆದರೆ ಅವನ ಹಡಗುಗಳು ಕಾಣಿಸಿಕೊಂಡಾಗ ದಡದ ಮೇಲೆ ನಿಂತು ನೋಡುತ್ತಿದ್ದ ಮಾವೊರಿಗಳು ಅಲ್ಲಿಗೆ ಬಂದುದೆಂತು?

ಅವರೂ ಕಡಲನ್ನು ದಾಟಿಯೇ ಬಂದವರು. ಟಾಸ್ಮನ್ನನಿಗಿಂತ ಮುನ್ನೂರು ವರ್ಷಗಳಿಗೂ ಹಿಂದೆ. ಕಲ್ಲಿನ ಬಾಚಿಯಿಂದ ಕೆತ್ತಿದ ಮರ, ತೆಂಗಿನ ನಾರಿನ ಹಗ್ಗ, ಎಲೆಯಿಂದ ನೆಯ್ದ ಹಾಯಿ, ಇವೇ ಅವರ ನೌಕೆಯ ಸಾಮಗ್ರಿ. ದಿಕ್ಸೂಚಿಯಿಲ್ಲ, ಬರೆದ ನಕ್ಷೆಯಿಲ್ಲ. ಯಾವ ನಕ್ಷತ್ರವು ದಿಗಂತದ ಯಾವ ಎಡೆಯಲ್ಲಿ ಮೂಡಿ ಎಲ್ಲಿ ಮುಳುಗುವುದೆಂಬುದು ಅವರಿಗೆ ಕಂಠಪಾಠ. ಮೋಡ ಕವಿದರೆ ಅಲೆಗಳ ಓಟವೇ ದಾರಿ ಹೇಳಬೇಕು. ಸಂಜೆಗೆ ಗೂಡಿಗೆ ಮರಳುವ ಹಕ್ಕಿಯನ್ನು ಕಂಡರೆ ನೆಲ ಸಮೀಪಿಸಿತೆಂದರ್ಥ.

ಈ ವಿದ್ಯೆಯ ಪಂಡಿತನೊಬ್ಬನ ಹೆಸರು ಚರಿತ್ರೆಯಲ್ಲಿ ಉಳಿದಿದೆ: ತುಪಾಯಿಯ. ರಯಾತಿಯ ದ್ವೀಪದಲ್ಲಿ ಹುಟ್ಟಿದ ಅರ್ಚಕ. ೧೭೬೯ರಲ್ಲಿ ಶುಕ್ರಸಂಕ್ರಮಣವನ್ನು ವೀಕ್ಷಿಸಲು ತಾಹಿತಿಗೆ ಬಂದ ಕ್ಯಾಪ್ಟನ್ ಕುಕ್ಕನ ‘ಎಂಡೆವರ್’ ಹಡಗನ್ನು ಈತನು ಏರಿದನು. ಕುಕ್ಕನಿಗೆ ಮೊದಲು ಮನಸ್ಸಿರಲಿಲ್ಲ. ಸಿರಿವಂತ ಸಸ್ಯಶಾಸ್ತ್ರಜ್ಞ ಬ್ಯಾಂಕ್ಸನು ಹೊಣೆ ಹೊತ್ತನು. ಆದರೆ ಯಾವ ಭಾವದಿಂದ? ತನ್ನ ನೆರೆಯವರು ಹುಲಿ ಸಿಂಹಗಳನ್ನು ಸಾಕುವಂತೆ ತಾನೂ ಇವನನ್ನು ಒಂದು ಕೌತುಕವಾಗಿ ಇಟ್ಟುಕೊಳ್ಳಬಹುದಲ್ಲವೇ ಎಂದು ದಿನಚರಿಯಲ್ಲಿ ಬರೆದುಕೊಂಡನು!

ಆ ‘ಕೌತುಕ’ವು ೭೦ಕ್ಕೂ ಮಿಕ್ಕ ದ್ವೀಪಗಳ ನಕ್ಷೆಯೊಂದನ್ನು ನೆನಪಿನಿಂದಲೇ ತಿಳಿಸಿಕೊಟ್ಟಿತು. ಹಡಗು ಎತ್ತ ತಿರುಗಿದರೂ ತಾಹಿತಿ ಯಾವ ದಿಕ್ಕಿಗಿದೆಯೆಂದು ಆತ ಬೆರಳಿಟ್ಟು ತೋರಿಸುತ್ತಿದ್ದನಂತೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹಡಗು ನ್ಯೂಜಿಲೆಂಡನ್ನು ಮುಟ್ಟಿತು. ತುಪಾಯಿಯ ತನ್ನ ಮಾತಿನಲ್ಲಿ ಕೂಗಿದನು, ದಡದವರಿಗೆ ಅರ್ಥವಾಯಿತು! ನಡುವೆ ಸುಮಾರು ೪,೦೦೦ ಕಿಲೋಮೀಟರ್ ಕಡಲಿದ್ದರೂ ಎರಡೂ ಒಂದೇ ಭಾಷಾಕುಟುಂಬದ ನುಡಿಗಳು. ಮೊದಲ ದಿನಗಳ ರಕ್ತಪಾತವನ್ನು ಅವನ ಮಾತು ತಡೆಯಲಾರದೆ ಹೋಯಿತು, ನಿಜ. ಅನಂತರ ನಡೆದ ಸ್ನೇಹಕ್ಕೆ, ವಿನಿಮಯಕ್ಕೆ ಅವನೇ ಸೇತುವೆ.

ಇಂಗ್ಲೆಂಡನ್ನು ಕಾಣುವ ಯೋಗ ಅವನಿಗಿರಲಿಲ್ಲ. ೧೭೭೦ರ ಕೊನೆಯಲ್ಲಿ ಬಟೇವಿಯದಲ್ಲಿ ರೋಗಕ್ಕೆ ತುತ್ತಾದನು. ಕುಕ್ಕನು ಅವನ ಬುದ್ಧಿಯನ್ನು ಮೆಚ್ಚಿ, ಅವನ ಗರ್ವವನ್ನೂ ಗುರುತುಹಾಕಿ, ಕೆಲವೇ ಮಾತುಗಳಲ್ಲಿ ಮುಗಿಸಿದನು.

ಈ ಜನ ಗಾಳಿಗೆ ಸಿಕ್ಕಿ ಆಕಸ್ಮಿಕವಾಗಿ ದ್ವೀಪ ಸೇರಿದವರೆಂಬ ವಾದವು ೧೯೫೬ರಲ್ಲಿ ಆಂಡ್ರೂ ಶಾರ್ಪನ ಗ್ರಂಥದಿಂದ ಬಲಗೊಂಡಿತು. ಅದಕ್ಕೆ ಉತ್ತರ ಕಡಲಿನ ಮೇಲೆಯೇ ದೊರೆಯಿತು. ೧೯೭೬ರಲ್ಲಿ ‘ಹೊಕುಲೆಯ’ ಎಂಬ ಜೋಡಿದೋಣಿಯು ಹವಾಯಿಯಿಂದ ಹೊರಟು ಸುಮಾರು ಒಂದು ತಿಂಗಳಲ್ಲಿ ತಾಹಿತಿಯನ್ನು ಸೇರಿತು. ದಾರಿ ತೋರಿದವನು ಸತವಾಲ್ ದ್ವೀಪದ ಮೌ ಪಿಯಾಯ್ಲುಗ್. ಉಪಕರಣವೊಂದನ್ನೂ ಅವನು ಬಳಸಲಿಲ್ಲ.

ಅಂದಮಾತ್ರಕ್ಕೆ ಕುಕ್ಕನ ಸಾಹಸವೇನೂ ಕುಗ್ಗುವುದಿಲ್ಲ. ಅವನು ಅಳೆದು ಬರೆದ ಕರಾವಳಿಗಳ ನಕ್ಷೆ ಇಂದಿಗೂ ಬೆರಗಿನ ವಸ್ತು. ಆದರೆ ೧೭೭೩ರಲ್ಲಿ ಅವನು ಮತ್ತೆ ನ್ಯೂಜಿಲೆಂಡಿಗೆ ಬಂದಾಗ ದಡದ ಜನ ವಿಚಾರಿಸಿದ್ದು ತುಪಾಯಿಯನನ್ನು. ಅವನಿಲ್ಲವೆಂದು ಕೇಳಿ ಮರುಗಿದರು. ಯಾರ ಹಡಗು ಬಂದಿತೆಂಬುದು ಅವರಿಗೂ ಚೆನ್ನಾಗಿ ಗೊತ್ತಿದ್ದಂತೆ ತೋರುತ್ತದೆ.